ರೈಲಿನ ನೆತ್ತಿಯ ಕಂಬಳಿ

ಕಾಶ್ಮೀರ
19 ಅಕ್ಟೋಬರ್ 2024

ಭಾಗ್ಯಾ,

ನೀನು ಹೇಳಿದಂತೆ ಈ ಪತ್ರವನ್ನು ಮನೆಗೆ ಕಳಿಸದೆ ಶಾಲೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಬಿಸಿಯೂಟದ ಅಡಿಗೆ ಮುಗಿಸಿ, ಬಸಕ್ಕ ಪಾತ್ರೆ ತಿಕ್ಕಲು ಕೂತಾಗ ಓದು. ನಾವು ಫೋನಿನಲ್ಲಿ ಆಡುವುದು ಗಂಡಹೆಂಡತಿಯ ಮಾತೇ ಅಲ್ಲ ಎಂದು ನೀನು ಸಿಟ್ಟಾಗಿದ್ದು ಸರಿಯೇ. ಅಪ್ಪ ಪಡಸಾಲೆಯಲ್ಲಿ, ಅವ್ವ ಬಾಗಿಲಲ್ಲಿ, ಲಕ್ಷ್ಮಪ್ಪ ನಿನ್ನ ಬಾಜು ಕೂತು "ಅಣ್ಣಾ, ಅಲ್ಲಿ ಎಷ್ಟ್ ಥಂಡಿ ಐತಿ?" ಎಂದು ನಡುವೆ ಬಾಯಿ ಹಾಕುತ್ತಿದ್ದರೆ, ಪಾಪ, ನೀನಾದರೂ "ಹೂಂ", "ಆರಾಮ" ಬಿಟ್ಟು ಏನು ಹೇಳಬೇಕು? ಇಲ್ಲಿ ನನ್ನದೂ ಅದೇ ಗತಿ. ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುತ್ತೇವೆ.

ಮೂರನೆಯ ಚಳಿಗಾಲ ಬಂತು. ಬರುವ ಮೊದಲೇ ದಣಿವಾಗಿದೆ. ನನ್ನ ಕೆಲಸ ಏನೆಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ರೈಲು ಓಡಿಸುತ್ತೇನೆಂದು ಅವ್ವ ಕುಂದಗೋಳ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ನಿನಗಾದರೂ ತಿಳಿದಿರಲಿ. ಕರೆಂಟಿನ ರೈಲಿನ ನೆತ್ತಿಯ ಮೇಲೆ ಮಡಚುವ ಒಂದು ಕಬ್ಬಿಣದ ತೋಳಿರುತ್ತದೆ. ಅದು ಎದ್ದು ಮೇಲಿನ ತಂತಿಗೆ ತಾಗಿದರೆ ರೈಲಿಗೆ ಜೀವ. ಅದಕ್ಕೆ ಪ್ಯಾಂಟೋಗ್ರಾಫ್ ಎನ್ನುತ್ತಾರೆ. ನಾವು ಪ್ಯಾಂಟೋ ಎಂದೇ ಕರೆಯುತ್ತೇವೆ. ಆ ತೋಳಿನ ಕರೆಂಟು ಬೋಗಿಯ ತಗಡಿಗೆ ಇಳಿಯದಂತೆ ಅದನ್ನು ಪಿಂಗಾಣಿಯ ಕಾಲುಗಳ ಮೇಲೆ ನಿಲ್ಲಿಸಿರುತ್ತಾರೆ. ಅವು ಇನ್ಸುಲೇಟರುಗಳು. ಬಯಲಲ್ಲಿ ನಿಂತ ರೈಲಿನ ಮೇಲೆ ಹಿಮ ಬಿದ್ದು ಗಟ್ಟಿಯಾದರೆ ತೋಳು ಏಳುವುದಿಲ್ಲ, ಏಳಿಸಲು ಹೋದರೆ ಮುರಿಯುತ್ತದೆ. ಅದನ್ನು ಕಾಯುವುದೇ ನನ್ನ ಕೆಲಸ. ಸಂಜೆ ಲೈನು ಬಂದ್ ಮಾಡಿಸಿ, ಮೇಲೆ ಹತ್ತಿ ಹೊದಿಕೆ ಹಾಕುತ್ತೇವೆ. ಬೆಳಿಗ್ಗೆ ಮತ್ತೆ ಹತ್ತಿ ತೆಗೆಯುತ್ತೇವೆ. ನನ್ನ ಜೊತೆ ಇಲ್ಲಿಯವನೇ ಆದ ರಮಜಾನ್ ಎಂಬವನಿದ್ದಾನೆ, ಗುತ್ತಿಗೆಯ ಆಳು. ನನ್ನಿಂದ ಒಂದೇ ಒಂದು ಕನ್ನಡ ಮಾತು ಕಲಿತು ಎಲ್ಲದಕ್ಕೂ "ಹೌದ್ರಿ" ಎನ್ನುತ್ತಾನೆ. ಏಣಿ ಜಾರಿದರೂ ಹೌದ್ರಿ.

ಇವರು ಕೊಡುವ ಪ್ಲಾಸ್ಟಿಕ್ಕಿನ ಹೊದಿಕೆ ಚಳಿಗೆ ಹಪ್ಪಳವಾಗಿ ಒಡೆಯುತ್ತದೆ. ಹೋದ ವರ್ಷ ಒಂದು ಸಂಜೆ ಹೊದಿಕೆ ಸಾಲದೆ ನನ್ನ ಹಾಸಿಗೆಯ ಹಳೆಯ ಕಂಬಳಿಯನ್ನೇ ಎಳೆದು ಹೊದಿಸಿದ್ದೆ. ಬೆಳಿಗ್ಗೆ ಅದರ ತುದಿ ಹಿಡಿದು ಜಗ್ಗಿದರೆ ಹಿಮವೆಲ್ಲ ಕಂಬಳಿಯ ಜೊತೆಗೇ ಬಂತು. ನಮ್ಮ ಶೆಡ್ಡಿನ ಸಾಹೇಬರು ಕೆಳಗೆ ನಿಂತು ನೋಡಿದ್ದರು. ಈ ಸಲ ಅವರೇ ಕರೆದು, ಅಂಥವು ಇನ್ನೂ ಬೇಕು, ತರಿಸು ಎಂದಿದ್ದಾರೆ. ಬಾಯಿಮಾತು ಅಷ್ಟೇ, ಕಾಗದವಿಲ್ಲ. ಅಪ್ಪನಿಗೆ ಹೇಳಿ ಒಂದಿಷ್ಟು ಕಂಬಳಿ ನೇಯಿಸಿ ಕಳಿಸು. ಹುಬ್ಬಳ್ಳಿಗೆ ವರ್ಗ ಕೇಳಿ ಹಾಕಿದ ಅರ್ಜಿಯೂ ಇದೇ ಸಾಹೇಬರ ಮೇಜಿನ ಮೇಲಿದೆ ಎಂಬುದು ನೆನಪಿರಲಿ.

ನಿನ್ನ,
ಪುಂಡಲೀಕ

*

ಯರಗುಪ್ಪಿ
8 ಡಿಸೆಂಬರ್ 2024

ಶ್ರೀಯುತರಿಗೆ,

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಈ ಸಾಲು ಬರೆಯದಿದ್ದರೆ ಪತ್ರವೇ ಅಲ್ಲ ಎಂದು ಬಸಕ್ಕ ಹಟ ಹಿಡಿದದ್ದಕ್ಕೆ ಬರೆದೆ. ಅವಳಿಗೆ ಓದಲು ಬರದು, ಆದರೂ ಪಕ್ಕದಲ್ಲೇ ಕೂತು "ಏನ್ ಬರದಿ? ಏನ್ ಬರದಿ?" ಎಂದು ಜೀವ ತಿನ್ನುತ್ತಾಳೆ.

ಉತ್ತರ ತಡವಾದದ್ದು ಕಂಬಳಿಗಳಿಂದ. ನಿಮ್ಮ ಪತ್ರದಲ್ಲಿದ್ದದ್ದನ್ನು ಮಾವನವರಿಗೆ ಹೇಳಿದ ದಿನದಿಂದ ಮನೆ ಮನೆಯಾಗಿ ಉಳಿದಿಲ್ಲ. ಮಗ್ಗ ಎರಡು ವರ್ಷದಿಂದ ಸುಮ್ಮನಿತ್ತಲ್ಲ, ಮಗ್ಗದ ಕುಣಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮಾವನವರು ಕೋಳಿಯನ್ನು ಓಡಿಸಿ, ಕುಣಿ ಬಳಿದು, ಎಂಟೇ ದಿನದಲ್ಲಿ ಕಾಲು ಇಳಿಬಿಟ್ಟು ಕೂತರು. ಅತ್ತೆಯವರು ನೂಲುತ್ತಾರೆ, ನಾನು ಶಾಲೆಯಿಂದ ಬಂದು ನೂಲುತ್ತೇನೆ. ಮೈದುನ ಲಕ್ಷ್ಮಪ್ಪ ಮಾತ್ರ ಮೊಬೈಲಿನಲ್ಲಿ ನಿಮ್ಮ ರೈಲಿನ ಚಿತ್ರ ಹುಡುಕಿ ಊರಿಗೆಲ್ಲ ತೋರಿಸುತ್ತಾನೆ.

ಕಂಬಳಿ ಬಿರುಸಾಗಿ ನೀರು ತಡೆಯಲೆಂದು ಬಳಿಯುವ ಹುಣಸೆ ಬೀಜದ ಗಂಜಿ ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ನನ್ನ ಅಂಗೈಯೇ ಅಂಟಂಟಾಗಿದೆ. ಶಾಲೆಯಲ್ಲಿ ಸಾರಿನ ಸೌಟು ಕೈ ಬಿಡುವುದಿಲ್ಲ. ಮಗ್ಗದ ಹಾಸಿನ ಎಳೆಗಳಿಗೆ ಬಳಿದ ಗಂಜಿ ಸಾಲದೆಂದು ನೇಯ್ದ ಮೇಲೂ ಮಾವನವರು ಮತ್ತೊಂದು ಕೈ ಬಳಿದರು. ಅತ್ತೆಯವರು "ಇಷ್ಟ್ಯಾಕ ಬಳೀತಿ, ಕಂಬಳಿ ಏನ್ ಕದಾ ಏನು?" ಎಂದು ನಕ್ಕರು. ಮಾವನವರು ಬ್ರಷ್ಷು ಎತ್ತಿ ಹಿಡಿದು, "ಮಳಿಗೇ ಒಂದ್ ಕೈ ಬೇಕು. ಅಲ್ಲಿ ಬರಫ್ ಬೀಳ್ತೈತಿ. ಸರಕಾರಿ ರೈಲಿಗೆ ಹೊಚ್ಚೂದು, ಒಂದ್ ಹನಿ ಒಳಗ ಹೋಗಬಾರದು" ಎಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕೇಳಿರಲಿಲ್ಲ. ನೆಲದ ಮೇಲೆ ನಿಲ್ಲಿಸಿದರೆ ಕಂಬಳಿ ತಾನೇ ನಿಲ್ಲುತ್ತದೆ ನೋಡಿ, ಅಷ್ಟು ಬಿರುಸು. ನಿನ್ನೆ ಪಾರ್ಸಲ್ ಮಾಡಿದೆವು.

ಇನ್ನು ನನ್ನ ಮಾತು. ಸಾಹೇಬರು ಖುಷಿಯಾದರೆ ವರ್ಗದ ಕಾಗದಕ್ಕೆ ಸಹಿ ಬೀಳುತ್ತದೆ ಎಂದು ನೀವು ಬರೆದಿಲ್ಲ, ಆದರೆ ನಾನು ಹಾಗೇ ಓದಿಕೊಂಡೆ. ಮದುವೆಯಾಗಿ ಒಂಬತ್ತು ವರ್ಷ. ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡದ್ದನ್ನು ಲೆಕ್ಕ ಹಾಕಲು ನನಗೆ ಮನಸ್ಸಿಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಹೋದ ಸಲವೂ "ಇಬ್ಬರೂ ಬರ್ರಿ, ಒಬ್ಬಾಕಿ ಬಂದ್ರ ನಾ ಏನ್ ಮಾಡ್ಲಿ" ಎಂದರು. ನನಗೆ ಮೂವತ್ತಾರು ತುಂಬಿತು. ಬೇಗ ಬನ್ನಿ.

ನಿಮ್ಮ,
ಭಾಗ್ಯಾ

*

ಕಾಶ್ಮೀರ
3 ಜನವರಿ 2025

ಭಾಗ್ಯಾ,

ಪಾರ್ಸಲ್ ತಲುಪಿದ ಮರುವಾರವೇ ಹಿಮ ಬಿತ್ತು. ಎಂಥ ಹಿಮ ಅಂತೀ! ಹಳಿ ಯಾವುದು, ಹೊಲ ಯಾವುದು ಎಂದು ಗೊತ್ತಾಗುವಂತಿರಲಿಲ್ಲ. ಬೇರೆ ರೈಲುಗಳ ಹೊದಿಕೆ ಒಡೆದು ತೋಳುಗಳು ಏಳದೆ ಸೆಟೆದುಕೊಂಡವು. ನಮ್ಮ ಕಂಬಳಿ ಹೊದ್ದ ರೈಲು ಮಾತ್ರ ಹೊತ್ತಿಗೆ ಸರಿಯಾಗಿ ಹೊರಟಿತು. ಸಾಹೇಬರು ನನ್ನ ಬೆನ್ನು ತಟ್ಟಿ, ವರ್ಗದ ಕಾಗದ ಮುಂದಕ್ಕೆ ಕಳಿಸಿದ್ದೇನೆ, ಮಾರ್ಚಿನಲ್ಲಿ ಬಿಡುಗಡೆ ಎಂದರು. ಮಾರ್ಚ್ ಎಂಬ ಮಾತನ್ನು ಎಷ್ಟು ಸಲ ಬೇಕಾದರೂ ಓದಿಕೋ.

ಅಪ್ಪನಿಗೆ ಹೇಳು, ಕಂಬಳಿ ಬಿರುಸಾಗಿರುವುದರಿಂದ ಹೊದಿಸುವುದು ಸಲೀಸು. ಒಂದು ವಿಚಿತ್ರ ಕಂಡೆ: ಕಂಬಳಿ ತೆಗೆದಾಗ ಪಿಂಗಾಣಿಯ ಮೇಲೆ ಒಂದು ಹೊಳಪು ಇರುತ್ತದೆ, ಎಣ್ಣೆ ಒರೆಸಿದ ಹಾಗೆ. ಒಣ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಣ್ಣೆಯಲ್ಲಿ ಕುರಿಯ ಜಿಡ್ಡು ಇರುತ್ತದಲ್ಲ, ಅದೇ ಇರಬೇಕು. ನೀರು ನಿಲ್ಲದಿರಲೆಂದು ನಾವೇ ಕೆಲವು ಕಡೆ ಗ್ರೀಸು ಹಚ್ಚುತ್ತೇವೆ, ಇದು ಪುಕ್ಕಟೆ ಸಿಕ್ಕಿತು ಎಂದು ನಾನೂ ರಮಜಾನನೂ ನಕ್ಕೆವು.

ಅವನು ನಿನ್ನೆ ಮನೆಗೆ ಕರೆದಿದ್ದ. ಅವನ ಹೆಂಡತಿ ರುಬಿಯಾ, ನಾನು ಪಾರ್ಸಲಿನ ಬಟ್ಟೆಯಲ್ಲೇ ಸುತ್ತಿ ಒಯ್ದಿದ್ದ ಒಂದು ಕಂಬಳಿಯನ್ನು ಮೂಸಿ, ಹಿಂದುಮುಂದು ಮಾಡಿ, ಯಾರು ನೇಯ್ದರು, ಯಾರು ನೂತರು ಎಂದೆಲ್ಲ ಕೇಳಿದಳು. ನನ್ನ ಹೆಂಡತಿಯೂ ನೂತಿದ್ದಾಳೆ ಎಂದೆ. ಆಕೆ ತಿರುಗಿ ಕೊಟ್ಟಾಗ ನಾನೂ ಒಮ್ಮೆ ಅದನ್ನು ಮೂಸಿ ನೋಡಿದೆ.

ನಿನ್ನ,
ಪುಂಡಲೀಕ

*

ಯರಗುಪ್ಪಿ
15 ಜನವರಿ 2025

ಮಾರ್ಚಿನವರಿಗೆ,

ಇನ್ನು ಮೇಲೆ ನಿಮ್ಮ ಹೆಸರು ಅದೇ. ಸಂಕ್ರಾಂತಿಯ ಸಜ್ಜಿ ರೊಟ್ಟಿ ಬಡಿಯುವಾಗಲೂ ಮಾರ್ಚ್, ಎಳ್ಳು ಉದುರಿಸುವಾಗಲೂ ಮಾರ್ಚ್. ಅತ್ತೆಯವರಿಗೆ ನಾನು ಹೇಳಿಯೇ ಬಿಟ್ಟೆ, ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಬೇರೆ ಇರುತ್ತೇವೆಂದು. ಜಗಳ ಆಗುತ್ತದೆ ಎಂದು ಸೆರಗು ಬಿಗಿದು ತಯಾರಾಗಿದ್ದೆ. ಅವರು ರೊಟ್ಟಿ ತಿರುವುತ್ತ, "ಹೋಗ್ ಬೇ, ಹೋಗು. ಇಲ್ಲಿದ್ದು ಏನ್ ಕಂಡಿ ನೀ" ಎಂದರು. ಜಗಳವಾಗಿದ್ದರೇ ವಾಸಿಯಿತ್ತು, ಒಳಗೆ ಹೋಗಿ ಅತ್ತುಬಿಟ್ಟೆ.

ಪಿಂಗಾಣಿಯ ಹೊಳಪು ಗಿಳಪು ನನಗೆ ತಿಳಿಯದು. ನಿಮ್ಮ ಕೈ ಒಡೆದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ,
ಭಾಗ್ಯಾ

*

ಕಾಶ್ಮೀರ
24 ಜನವರಿ 2025

ಭಾಗ್ಯಾ,

ಇದನ್ನು ಕೂತು ಓದು.

ಸೋಮವಾರ ಬೆಳಿಗ್ಗೆ ದಟ್ಟ ಮಂಜು. ಕಂಬಳಿ ತೆಗೆದು, ಪಿಂಗಾಣಿ ಒರೆಸಿ, ಇಬ್ಬರೂ ಕೆಳಗಿಳಿದೆವು. ಲೈನಿಗೆ ಕರೆಂಟು ಬಿಟ್ಟಾಗ ತೋಳು ಸರಿಯಾಗಿ ಏಳುತ್ತದೋ ಇಲ್ಲವೋ ಎಂದು ಒಬ್ಬರು ಬೋಗಿಯ ಪಕ್ಕ ನಿಂತು ನೋಡಬೇಕು. ದಿನಾ ನಾನೇ ನಿಲ್ಲುವವನು. ಅವತ್ತು ರಮಜಾನ್ ನನ್ನ ನಡುಕ ನೋಡಿ, ನೀ ಹೋಗಿ ಚಹಾ ಕುಡಿ ಎಂದ. ನಾನು ಹೋದೆ. ಲೋಟ ಕೈಗೆ ಬರುವುದರಲ್ಲಿ ಸಿಡಿಲು ಬಡಿದ ಸದ್ದಾಯಿತು. ಓಡಿ ಬಂದರೆ ಒಂದು ಇನ್ಸುಲೇಟರ್ ಚೂರುಚೂರಾಗಿತ್ತು, ರಮಜಾನ್ ಮುಖ ಮುಚ್ಚಿಕೊಂಡು ಹಿಮದಲ್ಲಿ ಕೂತಿದ್ದ. ಪಿಂಗಾಣಿಯ ಚೂರು ಬಲಗಣ್ಣಿಗೆ ಹೊಕ್ಕಿದೆ. ಕೈಗೆ ಸಿಕ್ಕ ಕಂಬಳಿಯನ್ನೇ ಅವನಿಗೆ ಸುತ್ತಿ ಆಸ್ಪತ್ರೆಗೆ ಒಯ್ದೆವು. ಆ ಕಣ್ಣು ಬರುವುದಿಲ್ಲ ಎಂದು ಡಾಕ್ಟರು ನಿನ್ನೆ ಹೇಳಿದರು.

ಯಾಕೆ ಹೀಗಾಯಿತು ಎಂದು ನನಗೆ ಗೊತ್ತಾಗಿದೆ. ಇನ್ನೂ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಉಳಿದ ಒಂದು ಇನ್ಸುಲೇಟರಿನ ಮೇಲೆ ಬಿಸಿನೀರು ಹಾಕಿ ಬೆರಳಾಡಿಸಿದೆ. ಬೆರಳು ಅಂಟಿತು. ಅದು ಕುರಿಯ ಜಿಡ್ಡಲ್ಲ ಭಾಗ್ಯಾ, ಗಂಜಿ. ಹಿಮ ಕರಗಿ ಕಂಬಳಿ ತೊಯ್ದಾಗಲೆಲ್ಲ ಹುಣಸೆ ಗಂಜಿ ಇಳಿದು ಪಿಂಗಾಣಿಯ ಮೇಲೆ ಕೂತಿದೆ, ಅದರ ಮೇಲೆ ಧೂಳು, ಮಸಿ. ಮಂಜಿಗೆ ಅದು ಹಸಿಯಾದದ್ದೇ ತಡ, ಕರೆಂಟು ಅದರ ಮೇಲೆಯೇ ಹರಿದು ಸಿಡಿದಿದೆ. ನನ್ನ ಹಳೆಯ ಕಂಬಳಿ ಎಷ್ಟೋ ವರ್ಷ ಒಗೆದು ಒಗೆದು ಗಂಜಿಯೆಲ್ಲ ಹೋಗಿದ್ದಕ್ಕೆ ಅದರಿಂದ ಏನೂ ಆಗಿರಲಿಲ್ಲ. ಎರಡು ಕೈ ಬಳಿದರೆಂದು ನೀನು ಬರೆದಿದ್ದೆ. ಕುರುಬರ ಮನೆಯಲ್ಲಿ ಹುಟ್ಟಿ ಗಂಜಿಯ ಹೊಳಪು ನನಗೆ ಗುರುತು ಸಿಗಲಿಲ್ಲ. ಅಪ್ಪನಿಗೆ ಏನೂ ಹೇಳಬೇಡ.

ಸಾಹೇಬರು ಕರೆದಿದ್ದರು. ಕಂಬಳಿಯ ಮಾತು ಕಾಗದದಲ್ಲಿ ಬಂದರೆ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟ ಅವರಿಗೂ ತೊಂದರೆ, ತಂದ ನನಗೂ ತೊಂದರೆ, ವರ್ಗವೂ ಹೋದಂತೆ. ಅದರ ಬದಲು, ಆ ಇನ್ಸುಲೇಟರನ್ನು ರಮಜಾನ್ ಒರೆಸಿರಲಿಲ್ಲ ಎಂದು ಹೇಳಿಕೆ ಬರೆದುಕೊಡು ಎಂದರು. ಗುತ್ತಿಗೆಯ ಆಳು, ಅವನನ್ನು ಕೆಲಸದಿಂದ ಬಿಡಿಸುತ್ತಾರೆ, ಫೈಲು ಮುಚ್ಚುತ್ತದೆ. ನಾನು ಯೋಚಿಸುತ್ತೇನೆ ಎಂದು ಬಂದೆ. ಯೋಚಿಸುವ ಶಕ್ತಿಯೂ ಉಳಿದಿಲ್ಲ. ಏನು ಮಾಡಲಿ ಹೇಳು.

ಪುಂಡಲೀಕ

*

ಯರಗುಪ್ಪಿ
3 ಫೆಬ್ರವರಿ 2025

ಶ್ರೀಯುತರಿಗೆ,

ಹೇಳು ಎಂದಿದ್ದೀರಿ, ಹೇಳುತ್ತೇನೆ. ನಾಳೆ ನಾನು ಕೆಟ್ಟವಳು ಎನ್ನಬೇಡಿ.

ಸಾಹೇಬರು ಹೇಳಿದ್ದನ್ನು ಬರೆದುಕೊಟ್ಟು ಬನ್ನಿ. ಆ ಮನುಷ್ಯನಿಗೆ ಆದದ್ದಕ್ಕೆ ನನಗೆ ಸಂಕಟವಿಲ್ಲ ಎಂದಲ್ಲ. ನಿಮ್ಮ ಪತ್ರ ಓದಿದ ಮೇಲೆ ಎರಡು ಸಲ ಸಾರಿಗೆ ಉಪ್ಪು ಹಾಕಿ ಮಕ್ಕಳ ಬಾಯಿ ಕೆಡಿಸಿದೆ. ಆದರೆ ಹೋದ ಕಣ್ಣು ನೀವು ಖರೆ ಹೇಳಿದ ಮಾತ್ರಕ್ಕೆ ಬರುತ್ತದೆಯೇ? ಅಲ್ಲಿ ನಿಂತಿದ್ದು ನೀವಾಗಿದ್ದರೆ? ದಿನಾ ನಿಲ್ಲುವವರು ನೀವೇ. ಅದನ್ನು ನೆನೆದರೆ ಆ ದೇವರು ನಿಮ್ಮನ್ನು ಚಹಾ ಕುಡಿಯಲು ಕಳಿಸಿದ್ದು ನನಗಾಗಿಯೇ ಎನ್ನಿಸುತ್ತದೆ, ಹಾಗೆ ಎನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ಒಂಬತ್ತು ವರ್ಷ ಕಾದಿದ್ದೇನೆ. ಸೋಬಾನೆ ಹಾಡಲು ಕರೆಯುವವರು ಉಡಿ ತುಂಬುವ ಹೊತ್ತಿಗೆ ನನ್ನನ್ನು ದಾಟಿ ಹೋಗುತ್ತಾರೆ. ಅದನ್ನು ನಿಮಗೆ ಯಾವತ್ತೂ ಬರೆದಿರಲಿಲ್ಲ, ಇವತ್ತು ಬರೆದೆ. ನನಗೆ ರಮಜಾನ್ ಯಾರೂ ಅಲ್ಲ. ನೀವು ಬನ್ನಿ, ಅಷ್ಟೇ.

ಭಾಗ್ಯಾ

*

ಕಾಶ್ಮೀರ
14 ಫೆಬ್ರವರಿ 2025

ಭಾಗ್ಯಾ,

ನಿನ್ನ ಪತ್ರ ಬಂತು. ಬರೆದುಕೊಟ್ಟೆ. ಸಾಹೇಬರು ಓದಿ, ಮಡಚಿ, ಚಹಾ ತರಿಸಿದರು. ಮಾರ್ಚ್ ಹತ್ತಕ್ಕೆ ಬಿಡುಗಡೆ ಎಂದರು.

ರಮಜಾನನಿಗೆ ಇನ್ನೂ ಗೊತ್ತಿಲ್ಲ. ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಾನೆ. ನಾನು ಆ ಕಡೆ ಹೋಗಿಲ್ಲ.

ಪುಂಡಲೀಕ

*

ಯರಗುಪ್ಪಿ
15 ಫೆಬ್ರವರಿ 2025

ಶ್ರೀಯುತರಿಗೆ,

ಹಿಂದಿನ ಪತ್ರದಲ್ಲಿ ನಾನು ಹೇಳಿದ್ದನ್ನು ಮಾಡಬೇಡಿ. ಮೊದಲು ಈ ಸಾಲು ಓದಿ, ಉಳಿದದ್ದು ಆಮೇಲೆ.

ನಿನ್ನೆ ಶಾಲೆಗೆ ಒಂದು ಪಾರ್ಸಲ್ ಬಂತು. ಹಿಂದೆ ಕಂಬಳಿಯ ಪಾರ್ಸಲಿನ ಮೇಲೆ ನಾನು ಬರೆದಿದ್ದ ಶಾಲೆಯ ವಿಳಾಸವನ್ನೇ ಯಾರೋ ಅಕ್ಷರ ಅಕ್ಷರ ನೋಡಿ ಬರೆದಿದ್ದರು. ಬಿಚ್ಚಿದರೆ ನಮ್ಮದೇ ಕಂಬಳಿ. ಒಗೆದು, ಒಣಗಿಸಿ, ಮಡಚಿ ಕಳಿಸಿದ್ದಾರೆ. ಜೊತೆಗೆ ಹಿಂದಿಯಲ್ಲಿ ಒಂದು ಚೀಟಿ. ಹಿಂದಿ ಮಾಸ್ತರರು ಓದಿ ಹೇಳಿದರು. ಗಂಡನಿಗೆ ಸುತ್ತಿದ್ದ ಕಂಬಳಿಗೆ ರಕ್ತ ಹತ್ತಿತ್ತು, ಬಿಸಿನೀರಲ್ಲಿ ಹಲವು ಸಲ ನೆನೆಸಿ ತೆಗೆದಿದ್ದೇನೆ. ನೀವು ನೂತದ್ದು ಹಾಳಾಗಬಾರದು, ತಡವಾಯಿತು, ಬೇಜಾರಾಗಬೇಡಿ ಎಂದು ರುಬಿಯಾ ಬರೆಸಿದ್ದಾಳೆ. ಕೊನೆಯಲ್ಲಿ, ನಿಮ್ಮ ಮನೆಯವರು ಅವತ್ತು ಕೈಯಲ್ಲಿ ಎತ್ತಿಕೊಂಡು ಓಡಿದರು, ಅವರನ್ನು ದೇವರು ಸುಖವಾಗಿ ನಿಮ್ಮ ಹತ್ತಿರ ಮುಟ್ಟಿಸಲಿ ಎಂದಿದೆ.

ಮಾಸ್ತರರು ಓದಿ ಚೀಟಿ ಕೈಗಿಟ್ಟು ಹೋದರು. ಬಸಕ್ಕ "ಯಾರವ್ವಾ ಈಕಿ? ನಿಮ್ಮ ಬೀಗರೇನು?" ಎಂದಳು. ನಾನು ಕಂಬಳಿಯ ಮಡಿಕೆ ಬಿಚ್ಚಿದೆ. ಕಂಬಳಿ ಎಷ್ಟು ಮೆತ್ತಗಾಗಿತ್ತೆಂದರೆ ಮೊದಲು ನಮ್ಮದಲ್ಲವೆಂದೇ ಅನ್ನಿಸಿತು. ಒಂದು ಅಂಚು ಹರಿದಿದ್ದ ಕಡೆ ಆಕೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾಳೆ. ಗಂಡನ ಕಣ್ಣು ಹೋದ ಮನೆಯಲ್ಲಿ, ಆ ಚಳಿಯಲ್ಲಿ ಕೂತು ನಮ್ಮ ಗಂಜಿಯನ್ನು ತೊಳೆದಿದ್ದಾಳೆ. ಯಾತರಿಂದ ಕಣ್ಣು ಹೋಯಿತೆಂದು ಗೊತ್ತಿಲ್ಲದೆ.

ಆ ಗಂಜಿ ಕಾಯಿಸಿದವಳು ನಾನು. ಖರೆ ಹೇಳಿಬಿಡಿ. ವರ್ಗ ಹೋದರೆ ಹೋಗಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದೆ ನೋಡಿ. ಈ ಪತ್ರ ಬೇಗ ಮುಟ್ಟಲೆಂದು ಹುಬ್ಬಳ್ಳಿಗೇ ಹೋಗಿ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಬೆಳಿಗ್ಗೆ ಮಾಡಿದೆ ಕೂಡ, ನಿಮ್ಮದು ಹತ್ತಲಿಲ್ಲ. ಆಮೇಲೆ ಧೈರ್ಯ ಸಾಲಲಿಲ್ಲ. ನಿಮ್ಮ ದನಿ ಕೇಳಿದರೆ ಮತ್ತೆ ಬಾ ಎಂದೇ ಹೇಳಿಬಿಡುತ್ತಿದ್ದೆ.

ನಿಮ್ಮ,
ಭಾಗ್ಯಾ

*

ಯರಗುಪ್ಪಿ
24 ಫೆಬ್ರವರಿ 2025

ಶ್ರೀಯುತರಿಗೆ,

ಬರೆದುಕೊಟ್ಟೆ ಎಂದು ನೀವು ಬರೆದ ಪತ್ರ ಇವತ್ತು ಬಂತು. ನನ್ನ ಪತ್ರ ನಿಮಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮದುವೆಯಾದಾಗಿನಿಂದ ನಾನು ಹೇಳಿದ ಒಂದು ಮಾತನ್ನೂ ನೀವು ಇದ್ದ ಹಾಗೇ ನಡೆಸಿಕೊಟ್ಟವರಲ್ಲ. ಇದೊಂದನ್ನು ಮಾಡಿದಿರಿ.

ಮಾರ್ಚ್ ಹತ್ತಕ್ಕೆ ಬಿಡುಗಡೆಯಾಗಿ ನೀವು ಬಂದರೆ ಬಾಗಿಲು ತೆರೆಯುತ್ತೇನೆ, ನೀರು ಕೊಡುತ್ತೇನೆ, ಉಣ್ಣಲು ಬಡಿಸುತ್ತೇನೆ. ಅದಕ್ಕಿಂತ ಹೆಚ್ಚಿನದು ನನ್ನಿಂದ ಆದೀತೆಂದು ಅನ್ನಿಸುವುದಿಲ್ಲ.

ಭಾಗ್ಯಾ ಪುಂಡಲೀಕ

*

ಕಾಶ್ಮೀರ
9 ಮಾರ್ಚ್ 2025

ಭಾಗ್ಯಾ,

ನಿನ್ನ ಎರಡೂ ಪತ್ರ ಎದುರಿಗಿವೆ. ಬೇಡ ಎಂದು ನೀನು ಬರೆದದ್ದು ಫೆಬ್ರವರಿ ಕೊನೆಯಲ್ಲಿ ಬಂತು. ಮೂರು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸುಳ್ಳು ಹೇಳಲಾರೆ, ಹರಿದು ಬಿಸಾಡಿ, ಮುಟ್ಟಲೇ ಇಲ್ಲ ಎಂದುಬಿಡೋಣ ಎನ್ನಿಸಿತ್ತು. ಆ ಮೂರು ದಿನವೂ ಹಿಮ ಒರೆಸಲು ನನ್ನ ಜೊತೆ ಹೊಸ ಆಳೊಬ್ಬ ಹತ್ತುತ್ತಿದ್ದ. ರಮಜಾನನ ಜಾಗಕ್ಕೆ ಬಂದವನು. ನಾನು ಏನು ಹೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದ.

ನಾಲ್ಕನೆಯ ದಿನ ಸಾಹೇಬರ ಮುಂದೆ ನಿಂತು ನನ್ನ ಹೇಳಿಕೆ ತಿರುಗಿ ಕೊಡಿ ಎಂದೆ. ಕೊಡಲಿಲ್ಲ. ನಿನಗೆ ತಲೆ ಕೆಟ್ಟಿದೆ, ಊರಿಗೆ ಹೋಗಿ ಮಲಗು ಎಂದರು. ಆಗ ಹೊಸ ಹೇಳಿಕೆ ಬರೆದು ಅವರ ಮೇಲಿನವರಿಗೆ ಕೊಟ್ಟೆ. ಕಂಬಳಿ ನನ್ನದು, ಗಂಜಿ ನಮ್ಮ ಮನೆಯದು, ರಮಜಾನ್ ಒರೆಸಿದ್ದ, ನಾನು ಕಣ್ಣಾರೆ ನೋಡಿದ್ದೇನೆ ಎಂದು. ಗಂಜಿ ಎಂದರೇನು ಎಂದು ತಿಳಿಸಿ ಹೇಳುವುದರಲ್ಲಿ ಸಾಕುಸಾಕಾಯಿತು. ಕೊನೆಗೆ ಒಂದು ಹೊಸ ಕಂಬಳಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಆ ನೀರನ್ನು ಪಿಂಗಾಣಿಗೆ ಬಳಿದು ಒಣಗಿಸಿ ತೋರಿಸಿದೆ. ಅವರು ಒದ್ದೆ ಬೆರಳಲ್ಲಿ ಮುಟ್ಟಿದರು, ಬೆರಳು ಅಂಟಿತು, ಹೇಳಿಕೆ ತೆಗೆದುಕೊಂಡರು.

ವರ್ಗ ರದ್ದಾಯಿತು. ಶಿಕ್ಷೆಯ ಕಾಗದವೂ ಬಂದಿದೆ. ಇನ್ನು ಮೂರು ವರ್ಷ ಅರ್ಜಿ ಹಾಕುವಂತಿಲ್ಲ. ರಮಜಾನನನ್ನು ಮತ್ತೆ ತೆಗೆದುಕೊಂಡಿದ್ದಾರೆ, ಮೇಲೆ ಹತ್ತುವ ಕೆಲಸ ಬೇಡ ಎಂದು ಕೆಳಗೆ ಸಾಮಾನು ಕಾಯಲು ಹಾಕಿದ್ದಾರೆ. ಹೊಸ ಆಳನ್ನು ಬಿಡಿಸಿದರು. ಎಲ್ಲಿ ಸರಿ ಮಾಡಲು ಹೋದರೂ ಇನ್ನೊಂದು ಕಡೆ ಹರಿಯುತ್ತದೆ.

ನಿನ್ನೆ ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಮೊದಲು ಬರೆದುಕೊಟ್ಟದ್ದನ್ನೂ ಸೇರಿಸಿ. ರುಬಿಯಾ ಎದ್ದು ಒಳಗೆ ಹೋದಳು. ಚಹಾ ಬರಲಿಲ್ಲ. ಹೊರಡಲು ಎದ್ದಾಗ ರಮಜಾನ್ ಬಾಗಿಲ ತನಕ ಬಂದು, ಮೂರು ವರ್ಷ ಒಬ್ಬನೇ ಹೇಗಿರುತ್ತೀ ಎಂದ. ಮಹಡಿಯ ಕೋಣೆ ಖಾಲಿಯಿದೆ, ಹೆಂಡತಿಯನ್ನು ಕರೆಸಿಕೋ ಎಂದ. ಕ್ಷಮಿಸಿದೆ ಎಂದು ಹೇಳಲಿಲ್ಲ, ಕೋಣೆಯ ಮಾತು ಅಷ್ಟೇ ಹೇಳಿದ.

ನಾನು ನಿನ್ನನ್ನು ಇಲ್ಲಿಗೆ ಯಾವತ್ತೂ ಕರೆದಿಲ್ಲ. ಇದು ಸಂಸಾರ ಮಾಡುವ ಜಾಗವಲ್ಲ ಎಂದೇ ಹೇಳುತ್ತ ಬಂದೆ. ಈಗಲೂ ಕರೆಯಲು ಬಾಯಿಲ್ಲ. ಮೂರು ವರ್ಷ ಎಂದರೆ ನಮ್ಮಿಬ್ಬರಿಗೂ ಏನು ಎಂದು ಗೊತ್ತು. ಅದನ್ನು ಬರೆಯಲಾರೆ.

ಪುಂಡಲೀಕ

*

ಯರಗುಪ್ಪಿ
21 ಮಾರ್ಚ್ 2025

ಶ್ರೀಯುತರಿಗೆ,

ನೀವು ಬರೆಯದೆ ಬಿಟ್ಟದ್ದನ್ನು ನಾನೂ ಬರೆಯುವುದಿಲ್ಲ. ಲೆಕ್ಕ ಇಬ್ಬರಿಗೂ ಬರುತ್ತದೆ.

ಮಾವನವರಿಗೆ ಹೇಳಿಬಿಟ್ಟೆ. ನೀವು ಬೇಡವೆಂದಿದ್ದಿರಿ, ಆದರೆ ಇನ್ನಷ್ಟು ಕಂಬಳಿ ಕಳಿಸಲು ಮಗ್ಗಕ್ಕೆ ಹೊಸ ಹಾಸು ಹೂಡುತ್ತಿದ್ದರು, ನೋಡಿಕೊಂಡು ಇರಲಾಗಲಿಲ್ಲ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, "ಎಡಗಣ್ಣೋ ಬಲಗಣ್ಣೋ?" ಎಂದು ಕೇಳಿದರು. ಬಲಗಣ್ಣು ಎಂದೆ. ಆಮೇಲೆ ಎರಡು ದಿನ ಊಟಕ್ಕೆ ಏಳಲಿಲ್ಲ. ಮೂರನೆಯ ದಿನ ಅತ್ತೆಯವರು ಹೋಗಿ, "ಏಳ್ರಿ, ನೀವ್ ಉಪವಾಸ ಸತ್ರ ಅಂವಗ ಕಣ್ಣ ಬರ್ತೈತೇನು?" ಎಂದು ಬೈದು ಎಬ್ಬಿಸಿದರು. ಈಗ ಕುರಿ ಹಿಂದೆ ಹೋಗುತ್ತಾರೆ. ಮಗ್ಗದ ಕಡೆ ನೋಡುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಖರೆ ಹೇಳಿದ್ದಕ್ಕೆ ಹೆಮ್ಮೆ ಪಡಬೇಕೆಂದು ಹಿಂದಿ ಮಾಸ್ತರರು ಹೇಳಿದರು. ಹೆಮ್ಮೆ ಗಿಮ್ಮೆ ಏನೂ ಇಲ್ಲ. ಮಾರ್ಚ್ ತಿಂಗಳು ನನ್ನ ಕಣ್ಣೆದುರಿಗೇ ಹೋಗುತ್ತಿದೆ, ಸುಸ್ತಾಗಿದೆ, ಅಷ್ಟೇ.

ನೀವು ಕರೆಯುವುದಿಲ್ಲ ಎಂದು ಗೊತ್ತಿತ್ತು. ಕರೆಯದೆಯೇ ಬರುತ್ತಿದ್ದೇನೆ. ಶಾಲೆಯ ಒಲೆಯನ್ನು ಬಸಕ್ಕನಿಗೆ ಒಪ್ಪಿಸಿದ್ದೇನೆ. ಏಪ್ರಿಲ್ ಮೊದಲ ವಾರ ಮೈದುನ ಲಕ್ಷ್ಮಪ್ಪ ನನ್ನನ್ನು ಅಲ್ಲಿಯ ತನಕ ಕರೆತಂದು ಬಿಟ್ಟುಹೋಗುತ್ತಾನೆ. ಮೊದಲ ಎಂಟು ದಿನ ನಾನು ನಿಮ್ಮ ಜೊತೆ ಮಾತಾಡುವುದಿಲ್ಲ, ಮಾತಾಡಿಸಲು ಬರಬೇಡಿ. ಅಡಿಗೆ ಮಾಡುತ್ತೇನೆ. ಜೋಳದ ಹಿಟ್ಟು ತರುತ್ತಿದ್ದೇನೆ. ರುಬಿಯಾಳ ಮಹಡಿಯನ್ನು ಸುಮ್ಮನೆ ಹತ್ತಿ ಹೋಗುವವಳಲ್ಲ ನಾನು. ಆಕೆ ಒಳಗೆ ಬಾ ಎನ್ನುವ ತನಕ ಹೊಸ್ತಿಲಲ್ಲೇ ನಿಲ್ಲುತ್ತೇನೆ. ಎನ್ನದಿದ್ದರೆ ಬೇರೆ ಎಲ್ಲಾದರೂ ನೋಡೋಣ.

ನಾವು ಇಳಿಯುವ ದಿನ ಸ್ಟೇಶನ್ನಿಗೆ ರಮಜಾನರನ್ನು ಕರೆದುಕೊಂಡು ಬನ್ನಿ. ಬಂದರೆ. ನನಗೆ ಯಾರೂ ಅಲ್ಲ ಎಂದು ಬರೆದಿದ್ದೆನಲ್ಲ, ಇಳಿದ ಕೂಡಲೇ ಮೊದಲು ಅವರ ಮುಖ ನೋಡಬೇಕು. ನಿಮ್ಮದು ಆಮೇಲೆ.

ಭಾಗ್ಯಾ